ಎಳ್ಳಮಾಸೆಯ ಯೆಜ್ಡಿ

ಕಣದಲ್ಲಿ ಬೆಂಕಿ ಹಾಕಿಕೊಂಡು ಕೂತಿದ್ದೆವು. ತೊಗರಿ ಕಟ್ಟಿಗೆ ಚಟಪಟ ಸಿಡಿಯುತ್ತಿತ್ತು. ಅಣ್ಣನ ಮಗ ಅಂಗೈ ಕಾಯಿಸಿಕೊಳ್ಳುತ್ತ ಕೇಳಿದ: “ಕಾಕಾ, ಈ ಚಳ್ಯಾಗ ತಾತನ ಗಾಡಿ ತೆಗೀಬೇಕೋ, ಮುಚ್ಚಿಡಬೇಕೋ?” ಮರುದಿನ ಅದನ್ನು ಹಡಗಲಿಗೆ ಒಯ್ಯುವ ಆಸೆ ಅವನಿಗೆ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. 1998ರ ಎಳ್ಳಮಾವಾಸ್ಯೆಯ ಕಥೆ ತೆಗೆದೆ.

ಗಾಡಿ ಯೆಜ್ಡಿ ರೋಡ್‌ಕಿಂಗ್. 250 ಸಿಸಿ, ಎರಡು ಸೈಲೆನ್ಸರ್. 1984ರಲ್ಲಿ ಶೇಂಗಾ ಮಾರಿದ ದುಡ್ಡಿನಲ್ಲಿ ಅಪ್ಪ ತಂದದ್ದು. ಕೊಟ್ಟೂರಿನ ನಮ್ಮ ಓಣಿಗೆ ಅದು ತಿರುಗಿದರೆ ಅವ್ವ ಒಲೆಯ ಮುಂದಿನಿಂದಲೇ “ಬಂದ್ರು” ಅನ್ನುತ್ತಿದ್ದಳು. ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್. ಹೊಸಬರ ಕಾಲಿಗೆ ಅದು ಸುಲಭಕ್ಕೆ ಒಲಿಯದು.

1996ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿತು. 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದ್ದ ಕಾರ್ಖಾನೆ ಅದು. ಸುದ್ದಿ ಓದಿದ ದಿನ ಅಪ್ಪ ಊಟ ಬಿಟ್ಟಿದ್ದರು. ಆ ವರ್ಷದಿಂದ ದೀಪಾವಳಿ ಮುಗಿದ ಕೂಡಲೇ ಗಾಡಿಗೆ ತಾಡಪಾಲು ಬೀಳತೊಡಗಿತು. ತೆಗೆಯುವುದು ಕೊಟ್ಟೂರೇಶ್ವರನ ತೇರಿಗೇ. “ದಾರಿ ತುಂಬ ಒಕ್ಕಲಿ ಹಾಕಿರ್ತಾರ, ಮಂಜು ಬೇರೆ. ಬಿದ್ದರ ಸಾಮಾನು ಎಲ್ಲಿಂದ ತರ್ತೀ?” ಅನ್ನುತ್ತಿದ್ದರು. ಹಿಮ ಬೀಳುವ ದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಅದು ಕಬ್ಬಿಣ ತಿನ್ನುತ್ತದೆ, ಅದಕ್ಕೆ ಅಲ್ಲಿಯವರು ಹಳೇ ಕಾರುಗಳನ್ನು ಚಳಿಗಾಲ ಪೂರ್ತಿ ಮುಚ್ಚಿಡುತ್ತಾರೆ ಅಂತ ನಾನು ಓದಿದ್ದು ಎಷ್ಟೋ ವರ್ಷ ಆದ ಮೇಲೆ. ನಮ್ಮಲ್ಲಿ ಆ ಉಪ್ಪಿನ ಜಾಗದಲ್ಲಿ ಒಕ್ಕಲು ಮಾಡಲು ರಸ್ತೆಗೆ ಹಾಸಿದ ಹುರುಳಿ.

ಆ ಎಳ್ಳಮಾಸೆಯಂದು ಅವ್ವ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಯ ಎಲ್ಲ ಬುತ್ತಿ ಕಟ್ಟಿದ್ದಳು. ಕೂಡ್ಲಿಗಿಯ ಅಕ್ಕನ ಮನೆಗೆ ಮುಟ್ಟಿಸಬೇಕು. ಬಸ್ಸು ಬರಲಿಲ್ಲ. ಅಪ್ಪ ನಸುಕಿನಲ್ಲೇ ಬೆಳೆಗೆ ಎಡೆ ಚೆಲ್ಲುವ ಚರಗದ ತಯಾರಿಗೆ ಹೊಲಕ್ಕೆ ಹೋಗಿದ್ದರು. ನಾನು ತಾಡಪಾಲು ಎತ್ತಿದೆ. ಪೆಟ್ರೋಲಿಗೆ ಬೆರೆಸಿದ ಆಯಿಲ್ ತಳಕ್ಕೆ ಕೂತಿರುತ್ತದೆ ಅಂತ ಅಪ್ಪ ಮಾಡುತ್ತಿದ್ದ ಹಾಗೇ ಗಾಡಿಯನ್ನು ಎಡಕ್ಕೂ ಬಲಕ್ಕೂ ಹತ್ತು ಸಲ ಅಲುಗಾಡಿಸಿ, ಕಾಕ್ ತಿರುವಿದೆ. ಹದಿನೆಂಟೋ ಇಪ್ಪತ್ತೋ ಕಿಕ್ಕಿಗೆ ಹೊಗೆ ಉಗುಳಿ ಎದ್ದಿತು.

ಊರು ದಾಟಿದ ಮೇಲೆ ಮಂಜು. ಹ್ಯಾಂಡಲ್ ಹಿಡಿದ ಬೆರಳು ನನ್ನವಲ್ಲ ಅನ್ನಿಸುತ್ತಿತ್ತು. ಒಂದು ತಿರುವಿನಲ್ಲಿ ರಸ್ತೆಯ ಅಗಲಕ್ಕೂ ಹುರುಳಿ ಹಾಸಿತ್ತು, ಮೊಣಕಾಲೆತ್ತರ ಬಳ್ಳಿ. ಎಕ್ಸಲೇಟರ್ ಪೂರ್ತಿ ಬಿಟ್ಟೆ. ಎಂಜಿನ್ ಇಳಿಯಲಿಲ್ಲ, ಅರಚುತ್ತಲೇ ಮುಂದಕ್ಕೆ ನುಗ್ಗಿತು. ಬ್ರೇಕು ಒತ್ತಿದ್ದಷ್ಟೇ ನೆನಪು.

ಎದ್ದು ನೋಡಿದರೆ ಗಾಡಿ ಮಗ್ಗುಲಾಗಿ ಮಲಗಿದೆ, ಹಿಂದಿನ ಗಾಲಿಯ ಹಬ್ಬಿಗೆ ಬಳ್ಳಿ ಹಗ್ಗದಂತೆ ಸುತ್ತಿಕೊಂಡಿದೆ, ಸೈಲೆನ್ಸರಿಗೆ ತಾಗಿದ ಒಣ ಹೊಟ್ಟಿನಿಂದ ಹೊಗೆ ಏಳುತ್ತಿದೆ. ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ನನಗೆ ಕೈಕಾಲೇ ಆಡಲಿಲ್ಲ. ಒಕ್ಕಣೆಯ ಮುದುಕಿಯೊಬ್ಬಳು ಓಡಿಬಂದು ಸೆರಗಿನ ತುಂಬ ಮಣ್ಣು ತುಂಬಿ ಸುರಿದಳು, ಮತ್ತೆ ತುಂಬಿದಳು, ಮತ್ತೆ ಸುರಿದಳು. ಹೊಗೆ ನಿಂತ ಮೇಲೆ ನನ್ನ ಮೊಣಕೈ ರಕ್ತ ಒರೆಸಿ, ಬಿಚ್ಚಿ ಬಿದ್ದಿದ್ದ ಬುತ್ತಿ ಆರಿಸತೊಡಗಿದಳು. “ಅಮಾಸಿ ಬುತ್ತಿ ನೆಲಕ್ಕ ಬೀಳಬಾರದಪ್ಪ,” ಅಂದಳು. ಅವರ ಬೆಂಕಿಯ ಸುತ್ತ ಕೂತು ಆ ರೊಟ್ಟಿಯನ್ನು ಎಲ್ಲರೂ ತಿಂದೆವು. ಆಕೆಯ ಹೆಸರು ಕೇಳಲಿಲ್ಲ ಅನ್ನುವ ಕೊರಗು ನನಗೆ ಇವತ್ತಿಗೂ ಇದೆ.

ಅಪ್ಪ ಬಂದರು. ಬೈಯಲಿಲ್ಲ. ಕಸಬರಿಗೆ ಕಡ್ಡಿ ಇಸಿದುಕೊಂಡು ಎಂಜಿನ್ನಿನ ಫಿನ್ನುಗಳ ನಡುವಿನ ಹೊಟ್ಟನ್ನು ಒಂದೊಂದಾಗಿ ತೆಗೆಯುತ್ತ ಕೂತರು. ಚೈನಿಗೆ ಪೂರ್ತಿ ಕವಚ ಇದ್ದದ್ದರಿಂದ ಒಳಗೆ ಒಂದು ಎಸಳೂ ಹೋಗಿರಲಿಲ್ಲ.

ಕೊಟ್ಟೂರಿನ ಮೆಕ್ಯಾನಿಕ್ ಗಾಡಿ ಬಿಚ್ಚಿದಾಗ ನೆಲಕ್ಕೆ ಎರಡು ಹಳೇ ಪೇಪರ್ ಹಾಸಿದ. ಒಂದರ ಮೇಲೆ ಬಿದ್ದು ಮುರಿದದ್ದು: ಒಂದು ಇಂಡಿಕೇಟರ್, ಬಗ್ಗಿದ ಕ್ಲಚ್ ಲಿವರ್. ಇನ್ನೊಂದರ ಮೇಲೆ ನಿಂತು ಕೆಟ್ಟದ್ದು: ಅಂಟು ಕಟ್ಟಿದ ಕಾರ್ಬುರೇಟರ್ ಜೆಟ್, ಟ್ಯಾಂಕಿನ ತಳದಿಂದ ಬಂದ ತುಕ್ಕಿನ ಚೂರು, ಕಪ್ಪಿಟ್ಟ ಪಾಯಿಂಟ್, ಕ್ರ್ಯಾಂಕಿನ ಆಯಿಲ್ ಸೀಲ್. ಆ ಸೀಲನ್ನು ಅವನು ಉಗುರಿನಿಂದ ಒತ್ತಿ ತೋರಿಸಿದ. ರಬ್ಬರ್ ಮೆತ್ತಗಿರಬೇಕಿತ್ತು, ಬಳೆ ಚೂರಿನ ಹಾಗೆ ಗಟ್ಟಿಯಾಗಿತ್ತು. “ಇದರಾಗಿಂದ ಗಾಳಿ ಎಳಕೊಂಡೈತ್ರಿ. ಟೂ ಸ್ಟ್ರೋಕಿಗೆ ಹೊರಗಿನ ಗಾಳಿ ಹೊಕ್ಕರ ಎಕ್ಸಲೇಟರ್ ಬಿಟ್ಟರೂ ಎಂಜಿನ್ ಇಳಿಯಂಗಿಲ್ಲ. ಹುಡುಗನ್ನ ಕೆಡವಿದ್ದು ಹುರುಳಿ ಅಷ್ಟ ಅಲ್ರಿ.”

ಅಪ್ಪ ಎರಡನೇ ಪೇಪರಿನ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದರು. ಎರಡು ಚಳಿಗಾಲ ಅವರು ಆ ಗಾಡಿಯನ್ನು ಮಗುವಿನ ಹಾಗೆ ಹೊದಿಸಿಟ್ಟಿದ್ದರು. ಆ ಮುಖ ನೋಡಿ ನನಗೆ ಬಿದ್ದ ನೋವು ಮರೆತುಹೋಯಿತು.

ಸೀಲು ಬೆಂಗಳೂರಿನಿಂದ ತರಿಸಿದೆವು. ಮುಂದಿನ ಚಳಿಗಾಲದಿಂದ ತಾಡಪಾಲು ಭಾನುವಾರ ಭಾನುವಾರ ಸರಿಯಿತು. ಬಿಸಿಲು ಏರಬೇಕು, ಎಂಜಿನ್ ಕಾಯಬೇಕು, ಕತ್ತಲಾಗುವ ಮುಂಚೆ ಮನೆ ಸೇರಬೇಕು. ಆ 6 ವೋಲ್ಟಿನ ಹೆಡ್‌ಲೈಟು ಹಿಂದೀಪ ಇಲ್ಲದ ಕಬ್ಬಿನ ಟ್ರ್ಯಾಲಿಯನ್ನು ಹತ್ತಿರ ಹೋಗುವ ತನಕ ತೋರಿಸುವುದಿಲ್ಲ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಎಲ್ಲ ಅಪ್ಪ ಹಾಗೇ ಸುತ್ತಿದರು. ಕೊನೆಯ ವರ್ಷಗಳಲ್ಲಿ ಅಂಕಸಮುದ್ರದ ಕೆರೆಯೇ ಅವರಿಗೆ ಇಷ್ಟ. ದೂರದಲ್ಲೇ ಎಂಜಿನ್ ಆರಿಸಿ, ದಂಡೆಯವರೆಗೆ ತಳ್ಳಿಕೊಂಡು ಹೋಗಿ, ಜಾಲಿಗಿಡಗಳ ಮೇಲಿನ ಹಕ್ಕಿ ನೋಡುತ್ತ ನಿಲ್ಲುತ್ತಿದ್ದರು. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಕೇಳಿ ಹಿಗ್ಗಲು ಅವರಿರಲಿಲ್ಲ.

ಈಗ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ. ಅದು ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದರೆ ಹಳೇ ಟ್ಯಾಂಕಿಗೆ ಆಗಿನದಕ್ಕಿಂತ ಹೆಚ್ಚು ಕೇಡು. ಹುಡುಗನಿಗೆ ಅದನ್ನೂ ಹೇಳಿದೆ.

ಬೆಂಕಿ ಕೆಂಡಕ್ಕೆ ಇಳಿದಿತ್ತು. “ಹಂಗಾರ ಎಷ್ಟೊತ್ತಿಗೆ ಹೊರಡಲಿ ಕಾಕಾ?” ಅಂದ.

“ಒಂಬತ್ತರ ಮ್ಯಾಲೆ. ಹುರುಳಿ ಕಂಡಲ್ಲಿ ಇಳದು ತಳ್ಳಿಕೆಂಡು ಹೋಗು.”