ಹುಟ್ಟಿನ ಓರೆ

ಯಾದಗಿರಿಗೆ ಭೀಮೆ, ಸುರಪುರಕ್ಕೆ ಕೃಷ್ಣೆ. ಹಳೆಯ ಶಹಾಪುರದ ಸೀಮೆಯಾದರೋ ಈ ಇಬ್ಬರು ತಾಯಂದಿರ ನಡುವೆ ಮಲಗಿದ ಕೂಸು. ಇಲ್ಲಿಯ ಜನರಿಗೆ ಹರಿಗೋಲು ಹೊಸತಲ್ಲ. ಹೆಣಿಗೆಗೆ ಚರ್ಮ ಹೊದಿಸಿದ ಈ ದುಂಡು ದೋಣಿಯನ್ನು 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪ್ರವಾಸಿ ಪಾಯಸನು ಆನೆಗೊಂದಿಯ ಬಳಿ ಕಂಡು, ಅದು ಬುಟ್ಟಿಯಂತಿರುವುದನ್ನೂ ಸುತ್ತುತ್ತಲೇ ಸಾಗುವುದನ್ನೂ ಬರೆದಿಟ್ಟನು.

ಮೂಗಿಲ್ಲದ, ಬಾಲವಿಲ್ಲದ, ಚುಕ್ಕಾಣಿಯೂ ಇಲ್ಲದ ದೋಣಿಯನ್ನು ನೆಟ್ಟಗೆ ನಡೆಸುವುದೆಂತು? ಹೊಸಬನು ಹುಟ್ಟು ಹಿಡಿದರೆ ಹರಿಗೋಲು ಬುಗುರಿಯಾಗುತ್ತದೆ. ಬಲ್ಲ ಅಂಬಿಗನು ಹುಟ್ಟನ್ನು ಮುಂದಕ್ಕೆ ಚಾಚಿ, ಅಲಗನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಮಾಡಿ ಎಳೆಯುತ್ತಾನೆ. ಒಂದು ಎಳೆತ ತಿರುಗಿಸಿದುದನ್ನು ಮತ್ತೊಂದು ತಿದ್ದುತ್ತದೆ. ಬಲಕ್ಕಿಂತ ಓರೆಯೇ ಮುಖ್ಯವೆಂಬುದು ಅವನ ಶಾಸ್ತ್ರ.

ಈ ಶಾಸ್ತ್ರವೇ ವೇಷ ಬದಲಿಸಿ ದೂರದ ನ್ಯೂಜಿಲೆಂಡಿನಲ್ಲಿ ಕಾಣಿಸಿಕೊಂಡಿತು. 1950ರ ದಶಕದಲ್ಲಿ ವಿಲಿಯಂ ಹ್ಯಾಮಿಲ್ಟನ್ ಎಂಬವನು ತನ್ನ ನಾಡಿನ ಆಳವಿಲ್ಲದ ಹೊಳೆಗಳಿಗಾಗಿ ಜೆಟ್ ದೋಣಿಯನ್ನು ರೂಪಿಸಿದನು. ತಳದಿಂದ ನೀರನ್ನು ಹೀರಿ ಹಿಂದಿನ ಮೂತಿಯಿಂದ ಚಿಮ್ಮುವ ಪಂಪೇ ಅದರ ಜೀವ. ಮೊದಲು ನೀರೊಳಗಿದ್ದ ಮೂತಿಯನ್ನು ನೀರಿನ ಮಟ್ಟದಿಂದ ಮೇಲಕ್ಕೆ ತಂದಾಗ ವೇಗವು ಹೆಚ್ಚಿತು. ಮೂತಿಯನ್ನು ಎಡಕ್ಕೆ ಹೊರಳಿಸಿದರೆ ಹಿಂಭಾಗವು ಬಲಕ್ಕೆ ಸರಿದು ದೋಣಿ ಎಡಕ್ಕೆ ತಿರುಗುತ್ತದೆ. ಕೊಂಚ ಕೆಳಮುಖ ಮಾಡಿದರೆ ಹಿಂಭಾಗವೆದ್ದು ಮುಂಭಾಗ ತಗ್ಗುತ್ತದೆ. ಮೇಲ್ಮುಖ ಮಾಡಿದರೆ ಮುಂಭಾಗವೇಳುತ್ತದೆ. ತೀರ ತಗ್ಗಿದರೆ ನೀರು ಹಿಡಿದೆಳೆದು ವೇಗ ಕುಂದುತ್ತದೆ. ತೀರ ಎದ್ದರೆ ದೋಣಿ ಕುಪ್ಪಳಿಸತೊಡಗುತ್ತದೆ. ಇವೆರಡರ ನಡುವಣ ಒಂದೆರಡು ಅಂಶಗಳ ಓರೆಯನ್ನು ಕಂಡುಕೊಳ್ಳುವುದೇ ಜಾಣ್ಮೆ.

ಅದರಲ್ಲಿ ಇನ್ನೊಂದು ಗುಟ್ಟುಂಟು. ಚುಕ್ಕಾಣಿಯಿಲ್ಲದುದರಿಂದ ನೀರು ಚಿಮ್ಮುತ್ತಿರುವವರೆಗೆ ಮಾತ್ರ ದೋಣಿ ಮಾತು ಕೇಳುತ್ತದೆ. ಬಂಡೆಯನ್ನು ಕಂಡು ಬೆದರಿ ಯಂತ್ರವನ್ನು ತಗ್ಗಿಸಿದವನು ವೇಗದೊಡನೆ ತಿರುವನ್ನೂ ಕಳೆದುಕೊಳ್ಳುತ್ತಾನೆ. ನಡುಹೊಳೆಯಲ್ಲಿ ಹುಟ್ಟು ನಿಲ್ಲಿಸಿದ ಅಂಬಿಗನ ಪಾಡೂ ಅದೇ.

ಇದು ಬರಿಯ ವಿನೋದದ ವಿಚಾರವಲ್ಲ. ಸುರಪುರದ ಸೀಮೆಯ ಕೃಷ್ಣೆಯ ನಡುವೆ ನೀಲಕಂಠರಾಯನ ಗಡ್ಡೆಯೆಂಬ ನಡುಗಡ್ಡೆಯುಂಟು. ನಾರಾಯಣಪುರದ ಅಣೆಕಟ್ಟಿನಿಂದ ನೀರು ಬಿಟ್ಟಾಗ ಅಲ್ಲಿಯವರಿಗೆ ದಡವು ಕಣ್ಣಿಗೆ ಹತ್ತಿರ, ಕಾಲಿಗೆ ದೂರವಾಗುತ್ತಿತ್ತು. 2014ರಲ್ಲಿ ಅಲ್ಲಿಯ ತುಂಬುಗರ್ಭಿಣಿಯೊಬ್ಬಳು ಹೆರಿಗೆಗಾಗಿ ಸೋರೆಬುರುಡೆಗಳನ್ನು ಕಟ್ಟಿಕೊಂಡು, ಮನೆಯವರ ಬೆಂಬಲದಿಂದ ತುಂಬಿದ ಹೊಳೆಯನ್ನು ಈಜಿ ದಾಟಿದಳು. ಹುಟ್ಟೆಂಬ ಮಾತಿಗೆ ಕನ್ನಡದಲ್ಲಿ ಎರಡರ್ಥ. ಆ ದಿನ ಒಂದು ಹುಟ್ಟಿಗೆ ಮತ್ತೊಂದು ಹುಟ್ಟು ಒದಗಿ ಬರಲಿಲ್ಲ.

ಜಗತ್ತಿನ ಜಾಣ್ಮೆ ಎಷ್ಟೇ ಬೆಳೆಯಲಿ, ಅದು ದಾಟಬೇಕಾದವರ ದಡಕ್ಕೆ ಬಂದು ತಲುಪಿದರಷ್ಟೆ ಸಾರ್ಥಕ. ಪ್ರವಾಹವನ್ನು ಅಂಬಿಗನು ಎದುರು ನಿಂತು ಗೆಲ್ಲುವುದಿಲ್ಲ. ಅದು ಕೆಳಕ್ಕೆ ಒಯ್ಯುವಷ್ಟನ್ನು ಮೊದಲೇ ಎಣಿಸಿ, ಸೇರಬೇಕಾದ ತಾಣಕ್ಕಿಂತ ಮೇಲಿನಿಂದಲೇ ಹೊರಡುತ್ತಾನೆ. ಆಚೆಯ ದಡ ಸಿಕ್ಕುವವರೆಗೂ ಕೈ ನಿಲ್ಲಿಸುವುದಿಲ್ಲ.