ವೇಷದ ಪೆಟ್ಟಿಗೆ

ನಮ್ಮೂರಿನ ಹವ್ಯಾಸಿ ಮಂಡಳಿಯ ಯಕ್ಷಗಾನದ ವೇಷಭೂಷಣಗಳನ್ನು ಊರಿಂದೂರಿಗೆ ಸಾಗಿಸುವದಕ್ಕೆ ಪೆಟ್ಟಿಗೆಗಳನ್ನು ಮಾಡಿಸುವ ಕೆಲಸವು ನನ್ನ ಪಾಲಿಗೆ ಬಂದದ್ದು, ನಾನು ಕುಣಿಯಲಾರೆನೆಂಬುದೂ ಹಾಡಲಾರೆನೆಂಬುದೂ ಎಲ್ಲರಿಗೂ ಮನದಟ್ಟಾದ ಬಳಿಕ. ಕಲೆಯಿಲ್ಲದವನಿಗೆ ಲೆಕ್ಕಪತ್ರವೋ ಪೆಟ್ಟಿಗೆಯೋ ಗತಿಯಷ್ಟೆ!

ಹಿಂದಿನವರಿಗೆ ಈ ತೊಂದರೆ ಇರಲಿಲ್ಲವೆಂದಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಕಾಲದಲ್ಲಿ ಮೇಳಗಳ ತಿರುಗಾಟವೆಂದರೆ ಬಹುಮಟ್ಟಿಗೆ ಕಾಲುನಡಿಗೆಯೇ. ಪೆಟ್ಟಿಗೆಗಳು ಆಳುಗಳ ತಲೆಯ ಮೇಲೆ ಸಾಗುತ್ತಿದ್ದವು. ಹೊರುವವನ ಕತ್ತೇ ಅಂದು ಪೆಟ್ಟಿಗೆಯ ತೂಕವನ್ನು ಗೊತ್ತುಮಾಡುತ್ತಿತ್ತು. ಟೆಂಟು ಮೇಳಗಳಿಗೆ ಲಾರಿ ಬಂದಿತು. ನಮ್ಮಂಥವರಿಗೆ ತೋಟದ ಗೊಬ್ಬರ ಹೊರುವ ಪವರ್ ಟಿಲ್ಲರಿನ ಟ್ರೇಲರೇ ಪುಷ್ಪಕವಿಮಾನ.

ನಾನು ಟ್ರೇಲರಿನ ಉದ್ದಗಲಗಳನ್ನು ಅಂಗುಲ ಬಿಡದೆ ಅಳೆದು, ಎಳ್ಳಷ್ಟು ಜಾಗವೂ ವ್ಯರ್ಥವಾಗದಂತೆ ಎರಡು ಭಾರೀ ಪೆಟ್ಟಿಗೆಗಳನ್ನು ಮಾಡಿಸಿದೆನು. ಮತ್ತಿಯ ಚೌಕಟ್ಟು, ಸಾಗವಾನಿಯ ಹಲಗೆ, ಮೂಲೆಗೆ ಕಬ್ಬಿಣದ ಪಟ್ಟಿ. ಬರಿದಾಗಿದ್ದಾಗಲೇ ಎತ್ತುವದಕ್ಕೆ ನಾಲ್ವರು ಬೇಕು. ಆಚಾರಿಯು ಕೆಲಸ ಮುಗಿಸಿ ಉಳಿಯನ್ನು ಒರೆಸುತ್ತ, “ಹೆಗಡೇರೇ, ಗಾಡಿ ಅಳತೆ ತಗಂಡ್ರಿ, ಕಿರೀಟದ ಅಳತೆ ತಗಂಡ್ರಾ?” ಎಂದು ಕೇಳಿದನು. ನಾನು ನಕ್ಕೆನು.

ಯಕ್ಷಗಾನದ ಕಿರೀಟವನ್ನು ದೂರದಿಂದ ನೋಡಿದವರಿಗೆ ಅದು ಲೋಹವೆಂದು ಭ್ರಾಂತಿಯಾಗುವದು. ಅದು ಹಗುರಾದ ಮರವನ್ನು ಕೊರೆದು, ಬೇಗಡೆಯನ್ನೂ ಕನ್ನಡಿಯ ಚೂರುಗಳನ್ನೂ ಅಂಟಿಸಿದ ವಸ್ತು. ತಲೆಯ ಮೇಲೆ ಇಡೀ ರಾತ್ರಿ ಕುಣಿಯಬಲ್ಲದು, ಆದರೆ ತನ್ನ ಮೇಲೆ ಒಂದು ಗೆಜ್ಜೆಯ ಗಂಟನ್ನೂ ತಾಳಲಾರದು. ಮಂಡಳಿಯ ಕಿರೀಟವನ್ನು ನನ್ನ ದೊಡ್ಡಪ್ಪನವರು ತಾರುಣ್ಯದಲ್ಲಿ ಸ್ವಂತ ಕೈಯಿಂದ ಕೊರೆದಿದ್ದರು.

ಸಿದ್ದಾಪುರದ ಕಡೆಯ ಒಂದು ಊರಿನಲ್ಲಿ ಆಟ, ಪ್ರಸಂಗ ಗದಾಯುದ್ಧ, ದೊಡ್ಡಪ್ಪನವರದು ಕೌರವ. ಎರಡು ಗಾಲಿಯ ಗಾಡಿಯ ಮರ್ಮವನ್ನು ಎತ್ತಿನ ಗಾಡಿ ಹೊಡೆದವರೆಲ್ಲ ಬಲ್ಲರು: ಭಾರ ಮುಂದಾದರೆ ನೊಗ ಎತ್ತಿನ ಹೆಗಲನ್ನು ಅದುಮುವದು, ಹಿಂದಾದರೆ ನೊಗ ಮೇಲೆದ್ದು ಕೊರಳಿನ ಹಗ್ಗ ಬಿಗಿಯುವದು. ಟ್ರೇಲರಿಗೂ ಇದೇ ನ್ಯಾಯ. ಏರಿನಲ್ಲಿ ಗಾಲಿ ಹೊಂಡಕ್ಕಿಳಿದೊಡನೆ ನನ್ನ ಘನವಾದ ಪೆಟ್ಟಿಗೆಗಳು ಹಿಂದಕ್ಕೆ ಸರಿದವು, ಮೂತಿ ಎದ್ದಿತು, ಚಾಲಕನು ಹೇಗೋ ನಿಲ್ಲಿಸಿದನು. ಪೆಟ್ಟಿಗೆಗಳಿಗೆ ಒಂದು ಗೀರೂ ಬೀಳಲಿಲ್ಲ. ಚೌಕಿಯಲ್ಲಿ ಮುಚ್ಚಳ ತೆರೆದಾಗ, ಮೇಲೆ ತುಂಬಿದ್ದ ಗೆಜ್ಜೆ ಆಯುಧಗಳ ಭಾರಕ್ಕೆ ಕಿರೀಟವು ಬುಡದಿಂದ ಅರ್ಧದವರೆಗೆ ಸೀಳಿತ್ತು.

ದೊಡ್ಡಪ್ಪನವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. “ತಮಾ, ಸ್ವಲ್ಪ ದಾರ ತಗಂಬಾ” ಎಂದರು. ಅಷ್ಟೇ. ದಾರ ಸುತ್ತಿದ ಕಿರೀಟದಲ್ಲಿಯೇ ಬೆಳಗಿನವರೆಗೆ ಕುಣಿದರು. ಅವರು ತಲೆ ಕೊಡವಿದಾಗಲೆಲ್ಲ ನಾನು ಚೌಕಿಯ ಪರದೆಯ ಹಿಂದೆ ಕಣ್ಣು ಮುಚ್ಚಿಕೊಂಡೆನು. ಆ ರಾತ್ರಿ ಅವರು ಬೈದಿದ್ದರೆ ನನಗೆ ಎಷ್ಟೋ ಉಪಕಾರವಾಗುತ್ತಿತ್ತು.

ಮಳೆಗಾಲದಲ್ಲಿ ಆಚಾರಿಯನ್ನು ಮತ್ತೆ ಕರೆಸಿದೆನು. ಈ ಸಲ ಮೊದಲು ಅವನ ಮುಂದೆ ಕಿರೀಟವನ್ನಿಟ್ಟೆನು. ಅವನು ಹಲಸಿನ ತೆಳುಹಲಗೆಯಲ್ಲಿ, ಇಬ್ಬರು ಒಬ್ಬರ ಹಿಂದೊಬ್ಬರಾಗಿ ಸಂಕ ದಾಟುವಷ್ಟು ಕಿರಿದಾದ ಆರು ಪೆಟ್ಟಿಗೆಗಳನ್ನು ಮಾಡಿದನು. ತಳಕ್ಕೆ ಎರಡು ಅಡ್ಡಪಟ್ಟಿ: ಕೆಳಗೆ ನೀರು ಹರಿದುಹೋಗಲಿ, ಬೆರಳೂ ತೂರಲಿ. ಮುಚ್ಚಳವು ಮನೆಯ ಮಾಡಿನಂತೆ ಸುತ್ತಲೂ ಹೊರಚಾಚಿದೆ. ತಳದ ಹಲಗೆಗಳ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟನು. ನಮ್ಮ ಸೀಮೆಯ ಮಳೆಗೆ ಹಲಗೆ ಅಡ್ಡಕ್ಕೆ ಉಬ್ಬುವದು, ಜಾಗವಿಲ್ಲದಿದ್ದರೆ ಮೂಲೆಯನ್ನೇ ಒಡೆಯುವದು. ಕಿರೀಟದ ಪೆಟ್ಟಿಗೆಯೊಳಗೆ ತಲೆಯಾಕಾರದ ಗೂಟವೊಂದಿದೆ. ಅದಕ್ಕೆ ಬಟ್ಟೆ ಸುತ್ತಿ ಕಿರೀಟವನ್ನು ತೊಡಿಸಿ ಕಟ್ಟಿದರೆ ಅದು ಯಾವ ಗೋಡೆಯನ್ನೂ ಮುಟ್ಟದು. ಭುಜಕೀರ್ತಿ ಎದೆಕಟ್ಟುಗಳಿಗೆ ಅಡಕೆ ದಬ್ಬೆಯ ಅಂತಸ್ತುಗಳು. ಗೆಜ್ಜೆ ಆಯುಧಗಳದ್ದು ಬೇರೆಯೇ ಗಿಡ್ಡ ಪೆಟ್ಟಿಗೆ. ಅದರ ಸ್ಥಳ ಗಾಲಿಯ ಅಚ್ಚಿನ ನೇರಕ್ಕೆ, ಕೂದಲಷ್ಟು ಮುಂದೆ. ಮುಂಡಾಸನ್ನು ಪ್ರತಿಸಲವೂ ಹೊಸದಾಗಿ ಕಟ್ಟುವದರಿಂದ ಅದರ ಬಟ್ಟೆಗೆ ಗಂಟೇ ಸಾಕು.

ಆಟ ಮುಗಿದೊಡನೆ ಬೆವರಿನ ಬಟ್ಟೆಗಳನ್ನು ಪೆಟ್ಟಿಗೆಗೆ ತುರುಕಬಾರದೆಂಬ ನನ್ನ ಕಟ್ಟಳೆಗೆ ಮಾತ್ರ ಈವರೆಗೂ ಯಾರೂ ಬೆಲೆ ಕೊಟ್ಟಿಲ್ಲ. ಮರುದಿನ ನಾನೇ ಬಿಸಿಲಿಗೆ ಹರವಿ, ಒಣಗಿದ ಮೇಲೆ ಬಜೆಯ ಬೇರನ್ನಿಟ್ಟು ಮುಚ್ಚುತ್ತೇನೆ.

ಪೆಟ್ಟಿಗೆಗಳು ಸಿದ್ಧವಾದ ದಿನ ದೊಡ್ಡಪ್ಪನವರು ಕೋಲೂರಿಕೊಂಡು ಬಂದು ಒಂದರ ತುದಿಯನ್ನು ಒಂದೇ ಕೈಯಿಂದ ಎತ್ತಿ ನೋಡಿದರು. ಕಿರೀಟದ್ದು ಯಾವದೆಂದು ಕೇಳಿದರು. ಸೀಳಿದಲ್ಲಿಗೆ ಅವರೇ ಸರಿಯಂಟಿಸಿ ಹೊಸ ಬೇಗಡೆ ಹಚ್ಚಿದ್ದರು. ಅದನ್ನು ಗೂಟಕ್ಕೆ ತೊಡಿಸಿ, ದಾರ ಬಿಗಿದು, ಪೆಟ್ಟಿಗೆಯನ್ನು ಒಮ್ಮೆ ಜೋರಾಗಿ ಅಲುಗಾಡಿಸಿ ಕಿವಿಗೊಟ್ಟರು. ಒಳಗೆ ಸದ್ದಿಲ್ಲ. ಮೇಲೆ ಕುಳಿತು ಕವಳದ ಸಂಚಿ ಬಿಚ್ಚಿದರು.