ಡಬಲ್ ಸ್ಟ್ಯಾಂಡಿನ ಪ್ರಸಂಗ

ಕೆಲವು ದಿನಗಳ ಹಿಂದೆ ಐವಾನ್-ಎ-ಶಾಹಿಯ ರಸ್ತೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಎದುರಾದ. ನಿಜಾಮರು ಗುಲ್ಬರ್ಗಕ್ಕೆ ಬಂದಾಗ ಇಳಿದುಕೊಳ್ಳುತ್ತಿದ್ದ, ಈಗ ಸರಕಾರಿ ಅತಿಥಿಗೃಹವಾಗಿರುವ ಆ ಕಲ್ಲಿನ ಕಟ್ಟಡದ ಹೊರಗೆ ಒಂದು ಮರದ ನೆರಳಿನಲ್ಲಿ ನಾನು ಮೋಟಾರ್ ಸೈಕಲ್ಲನ್ನು ಡಬಲ್ ಸ್ಟ್ಯಾಂಡಿಗೆ ಏರಿಸುತ್ತಿದ್ದೆ. “ಸರ್, ಈ ವಯಸ್ಸಿನ್ಯಾಗ ಇಷ್ಟು ದೊಡ್ಡ ಗಾಡಿ ಹ್ಯಾಂಗ ಎತ್ತತೀರಿ?” ಎಂದು ಕೇಳಿದ. “ಎತ್ತುವುದಿಲ್ಲಪ್ಪಾ, ತುಳಿಯುತ್ತೇನೆ” ಎಂದೆ. ಅವನಿಗೆ ಅರ್ಥವಾದಂತೆ ಕಾಣಲಿಲ್ಲ. ಅವನಿಗೆ ಸನ್ನೆಗಳ ಪಾಠ ಮಾಡಿದವನು ನಾನೇ ಆದ್ದರಿಂದ ತಪ್ಪು ಯಾರದೆಂದು ಬೇರೆ ಹೇಳಬೇಕಾಗಿಲ್ಲ! ಆ ಪಾಠದ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

ನಾನು ಕೊಂಡ ಮೊದಲ ಗಾಡಿ 1987ರಲ್ಲಿ, ಒಂದು ಸೆಕೆಂಡ್ ಹ್ಯಾಂಡ್ ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕೂಸು ಅದು. 1961ರಲ್ಲಿ ಆರಂಭವಾದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಗೇರು ಹಾಕುವ ಲಿವರನ್ನೇ ತಿರುಗಿಸಿ ಕಿಕ್ ಹೊಡೆಯುವ ಅದರ ವಿಚಿತ್ರ ಏರ್ಪಾಟು ಅನೇಕರಿಗೆ ನೆನಪಿರಬಹುದು. ಅಂದಿನ ಗಾಡಿಗಳಿಗೆ ಡಬಲ್ ಸ್ಟ್ಯಾಂಡ್ ಎಂಬುದು ಕೇಳಿ ಪಡೆಯುವ ವಸ್ತುವಾಗಿರಲಿಲ್ಲ. ಎತ್ತಿಗೆ ಕಾಲಿದ್ದಂತೆ ಗಾಡಿಗೆ ಅದು ಇದ್ದೇ ಇರುತ್ತಿತ್ತು. ಶಾಲೆಯ ಅಂಗಳದಲ್ಲಿ ನಿಲ್ಲಿಸಿದರೆ ಸಂಜೆಯವರೆಗೆ ಅಲುಗದೆ ನಿಂತಿರುತ್ತಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಅದರ ಮೇಲೆ ಹತ್ತಿ ಕುಳಿತು “ಡುರ್ರ್” ಎಂದು ಸವಾರಿ ಮಾಡಿದ ಮಹನೀಯರಲ್ಲಿ ಕೆಲವರು ಈಗ ಇದನ್ನು ಓದುತ್ತಿದ್ದಾರೆಂದು ಬಲ್ಲೆ.

ಈಗ ನನ್ನ ಬಳಿ ಇರುವುದು ಮಗನ ಗಾಡಿ, ಬಜಾಜ್ ಡೊಮಿನಾರ್ 400. ಆ ಮಾದರಿ ಮಾರುಕಟ್ಟೆಗೆ ಬಂದದ್ದು 2016ರ ಕೊನೆಯಲ್ಲಿ. ಮಗ ಕೆಲಸದ ನಿಮಿತ್ತ ಹೊರದೇಶಕ್ಕೆ ಹೋಗುವಾಗ “ಮಾರಿಬಿಡಿ” ಎಂದಿದ್ದ. ನಾನು ಮಾರಲಿಲ್ಲ. ನೂರೆಂಬತ್ತು ಕಿಲೋಗ್ರಾಮಿಗೂ ಮೀರಿದ ತೂಕ. ದೂರದ ದಾರಿಗೆ ಹೇಳಿ ಮಾಡಿಸಿದ ಗಾಡಿ, ಆದರೆ ನಿಲ್ಲಲು ಅದಕ್ಕಿದ್ದದ್ದು ಒಂದೇ ಕಾಲು, ಸೈಡ್ ಸ್ಟ್ಯಾಂಡ್. ಇಂದಿನ ದೊಡ್ಡ ಗಾಡಿಗಳಲ್ಲಿ ಹಲವು ಹೀಗೆಯೇ ಬರುತ್ತವೆ. ಭಾರವೂ ಬೆಲೆಯೂ ಕಡಿಮೆಯಾಗಬೇಕು, ತಿರುವಿನಲ್ಲಿ ಹೆಚ್ಚು ವಾಲುವಂತಿರಬೇಕು, ಎಂಜಿನ್ನಿನ ಅಡಿಯ ಜಾಗವನ್ನು ಹೊಗೆಕೊಳವೆಗೆ ಬಿಡಬೇಕು ಎಂಬ ಲೆಕ್ಕಾಚಾರ. ಯುವಕರಿಗೆ ಅದು ಸರಿಯೂ ಇರಬಹುದು.

2022ರ ಶ್ರಾವಣದಲ್ಲಿ ನಾನೂ ನನ್ನ ಪತ್ನಿಯೂ ಬಸವಕಲ್ಯಾಣಕ್ಕೆ ಹೊರಟೆವು. ಕಮಲಾಪುರ ದಾಟುವ ಮುನ್ನ ಪರಿಚಿತರೊಬ್ಬರ ಕೆಂಬಾಳೆಯ ತೋಟ ನೋಡುವ ಆಸೆಯಾಯಿತು. ಕಮಲಾಪುರದ ಕೆಂಪು ಬಾಳೆಯ ಹಣ್ಣು ತಿಂದವರಿಗೆ ನನ್ನ ಚಾಪಲ್ಯ ಅರ್ಥವಾದೀತು. ಡಾಂಬರು ಬಿಟ್ಟು ಹೊಲದ ಅಂಚಿಗೆ ಗಾಡಿ ಇಳಿಸಿ, ಸೈಡ್ ಸ್ಟ್ಯಾಂಡ್ ಹಾಕಿದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ನಮ್ಮ ಎರೆಮಣ್ಣಿನ ಗುಣ ನಮಗೆ ಗೊತ್ತಿಲ್ಲದ್ದಲ್ಲ. ನೀರು ಕುಡಿದು ಉಬ್ಬುತ್ತದೆ, ಉಬ್ಬಿ ಮೆತ್ತಗಾಗುತ್ತದೆ, ಬೇಸಗೆಯಲ್ಲಿ ಒಣಗಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಮೇಲಿನ ಪದರ ಗಾಳಿಗೆ ಆರಿ ಗಟ್ಟಿಯಾದಂತೆ ಕಂಡಿತು, ನಾನು ನಂಬಿದೆ. ನಾನು ನಾಲ್ಕು ಹೆಜ್ಜೆ ಮುಂದೆ ಹೋಗಿದ್ದೆ. ಆಕೆ ಹಿಂದೆ ನಿಂತು ಬ್ಯಾಗಿನಿಂದ ನೀರಿನ ಬಾಟಲಿ ತೆಗೆಯುತ್ತಿದ್ದಳು. ಸ್ಟ್ಯಾಂಡಿನ ಕಾಲು ಸದ್ದಿಲ್ಲದೆ ಇಳಿದು, ಗಾಡಿ ಎಡಕ್ಕೆ ವಾಲಿ, ಆಕೆಯ ಮೇಲೆಯೇ ಬಂತು.

ಆಕೆಯ ಬಲಗಾಲು ಅಡಿಯಲ್ಲಿ ಸಿಕ್ಕಿತ್ತು. ಓಡಿಬಂದು ಹ್ಯಾಂಡಲ್ ಹಿಡಿದು ಎತ್ತಲು ನೋಡಿದೆ. ಎತ್ತಲಾಗಲಿಲ್ಲ. ಮತ್ತೊಮ್ಮೆ ನೋಡಿದೆ, ಆಗಲಿಲ್ಲ. ತೋಟದಲ್ಲಿದ್ದ ಇಬ್ಬರು ಆಳುಗಳು ಬಂದು ಎತ್ತುವವರೆಗೆ ಕಳೆದ ಆ ಒಂದೆರಡು ನಿಮಿಷಗಳನ್ನು ನಾನು ಈವರೆಗೆ ಯಾರ ಮುಂದೆಯೂ ವಿವರವಾಗಿ ಹೇಳಿಲ್ಲ, ಇಲ್ಲಿಯೂ ಹೇಳಲಾರೆ. ಹರಡಿನ ಎಲುಬು ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್. ಆಕೆ ನನ್ನನ್ನು ಬೈಯಲಿಲ್ಲ. “ಇನ್ನ ಮ್ಯಾಲ ಆ ಗಾಡಿ ಮ್ಯಾಲ ನಾ ಕೂಡಂಗಿಲ್ಲರೀ” ಎಂದಷ್ಟೇ ಹೇಳಿದಳು. ಬೈದಿದ್ದರೆ ಸುಲಭವಾಗುತ್ತಿತ್ತು.

ಗಾಡಿ ಮಾರುವುದೋ, ಡಬಲ್ ಸ್ಟ್ಯಾಂಡ್ ಹಾಕಿಸುವುದೋ ಎಂದು ಒಂದು ತಿಂಗಳು ತೂಗಿದೆ. ಕೊನೆಗೆ ಸ್ಟ್ಯಾಂಡನ್ನೇ ತರಿಸಿದೆ. ಮೊದಲನೆಯದು ಪೆಟ್ಟಿಗೆಯಲ್ಲಿ ಅಂಚೆಯ ಮೂಲಕ ಬಂತು. ಯಾವ ಗಾಡಿಗಾದರೂ ಹೊಂದುತ್ತದೆಂದು ಬರೆದಿದ್ದರು, ಎಂದರೆ ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ ಎಂದರ್ಥ. ಹಾಕಿ ನೋಡಿದರೆ ಹಿಂದಿನ ಚಕ್ರ ನೆಲವನ್ನು ಬಿಡಲೇ ಇಲ್ಲ. ಮರಳಿ ಕಳಿಸಿದೆ.

ಬಳಿಕ ಹೋದದ್ದು ಮೆಕ್ಯಾನಿಕ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯ ಬಳಿಗೆ. ತರಗತಿಯಲ್ಲಿ ಕೊನೆಯ ಬೆಂಚಿನವನು. ಅವನ ಅಂಗಡಿಯಲ್ಲಿ ನಾನು ಕೊನೆಯ ಬೆಂಚಿನವನಾದೆ. ವೆಲ್ಡಿಂಗ್ ಮಾಡಿಸಿದರೆ ಅಗ್ಗವಾದೀತೇ ಎಂದು ಕೇಳಿದ್ದಕ್ಕೆ, “ಫ್ರೇಮಿಗಿ ವೆಲ್ಡಿಂಗ್ ಬ್ಯಾಡ್ರಿ ಸರ್. ಕಬ್ಬಿಣ ಕಾದ ಜಾಗಾದಾಗ ಮೆತ್ತಗ ಆಗ್ತದ, ಕರೆಂಟಿನ ವೈರಿಂಗ್ ಬ್ಯಾರೆ ಸುಡ್ತದ” ಎಂದ. ಫ್ರೇಮಿನಲ್ಲಿ ಮೊದಲೇ ಇರುವ ತೂತುಗಳಿಗೆ ಬೋಲ್ಟ್ ಹಾಕಿ ಕೂಡಿಸುವಂಥದ್ದನ್ನು, ಅದೂ ಆ ಮಾದರಿಗೆಂದೇ ಮಾಡಿದ್ದನ್ನು ಮಾತ್ರ ತರಬೇಕೆಂಬುದು ಅವನ ನಿಯಮ. ಸ್ಟ್ಯಾಂಡ್ ಮಡಚಿಕೊಂಡಾಗ ಚೈನಿಗಾಗಲಿ ಸೈಲೆನ್ಸರಿಗಾಗಲಿ ತಾಗಬಾರದು. ಇಬ್ಬರು ಕುಳಿತು ಸ್ಪ್ರಿಂಗ್ ಕುಸಿದಾಗಲೂ ತಾಗಬಾರದು. ಅದಕ್ಕಾಗಿ ಅವನೂ ಅವನ ಹುಡುಗನೂ ಹತ್ತಿ ಕುಳಿತು ಕುಪ್ಪಳಿಸಿ ನೋಡಿದರು. ಎರಡು ಸ್ಪ್ರಿಂಗುಗಳಿದ್ದರೆ ಒಂದು ಮುರಿದರೂ ಓಡುವಾಗ ಸ್ಟ್ಯಾಂಡ್ ಕೆಳಗೆ ಜೋತು ಬೀಳುವುದಿಲ್ಲ. ಎಲ್ಲ ಮುಗಿದ ಮೇಲೆ ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ತಂದು ಹಿಂದಿನ ಚಕ್ರದ ಅಡಿಯಲ್ಲಿ ತೂರಿಸಿ, “ಇಷ್ಟು ಸಂದು ಇದ್ರ ಸಾಕ್ರಿ” ಎಂದ. ಅವನು ನೋಟ್‌ಬುಕ್ಕನ್ನು ಉಪಯೋಗಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು! ಅದಕ್ಕಿಂತ ಹೆಚ್ಚು ಎತ್ತರವಾದರೆ ಏರಿಸುವುದು ಕಷ್ಟ, ಕಡಿಮೆಯಾದರೆ ಚಕ್ರ ತಿರುಗದು.

ಇನ್ನು ಪಾಠದ ಭಾಗ. ಸ್ಟ್ಯಾಂಡ್ ಒಂದು ಸನ್ನೆ. ಅದರ ಪಾದಗಳು ನೆಲಕ್ಕೆ ತಾಗುವ ಬಿಂದುವೇ ಆಧಾರ. ಪಕ್ಕಕ್ಕೆ ಚಾಚಿರುವ ತುಳಿಗಡ್ಡಿಯ ಮೇಲೆ ಬೀಳುವ ನಮ್ಮ ಮೈಭಾರವೇ ಬಲ. ಕಡ್ಡಿ ಉದ್ದವಾದಷ್ಟೂ ಶ್ರಮ ಕಡಿಮೆ, ಆದರೆ ಅತಿ ಉದ್ದವಾದರೆ ಓಡಿಸುವಾಗ ಹಿಮ್ಮಡಿಗೆ ತಾಗುತ್ತದೆ. ಪಾದಗಳು ಬಾಗಿರುವುದು ಗಾಡಿ ಅವುಗಳ ಮೇಲೆ ಹಿಂದಕ್ಕೆ ಉರುಳಿ ಏರಲೆಂದು. ಎಡಗಡೆ ನಿಂತು, ಎಡಗೈಯಲ್ಲಿ ಹ್ಯಾಂಡಲ್, ಬಲಗೈಯಲ್ಲಿ ಸೀಟಿನ ಹಿಂದಿನ ಹಿಡಿಕೆ ಹಿಡಿದು, ಬಲಗಾಲಿನಿಂದ ಕಡ್ಡಿಯನ್ನು ಮೆಲ್ಲಗೆ ಅದುಮಬೇಕು. ಎರಡು ಪಾದಗಳೂ ನೆಲಕ್ಕೆ ತಾಗಿದ್ದು ಕಾಲಿಗೇ ತಿಳಿಯುತ್ತದೆ. ಇದೇ ಮುಖ್ಯವಾದ ಹೆಜ್ಜೆ. ಒಂದೇ ಪಾದ ತಾಗಿದ್ದಾಗ ತುಳಿದರೆ ಗಾಡಿ ಆಚೆಗೆ ಬೀಳುತ್ತದೆ. ತಾಗಿದ ಮೇಲೆ ಕಡ್ಡಿಯ ಮೇಲೆ ಎದ್ದು ನಿಂತುಬಿಡಬೇಕು. ಕೈಗಳದ್ದು ದಾರಿ ತೋರುವ ಕೆಲಸವಷ್ಟೇ. ಮೊದಲ ದಿನ ನಾನು ಕೈಯಿಂದ ಎಳೆದು ಸೊಂಟ ಹಿಡಿಸಿಕೊಂಡೆ. ಪಾಠ ಮಾಡುವುದು ಬೇರೆ, ತುಳಿಯುವುದು ಬೇರೆ.

ಉಪಯೋಗಗಳೇನೋ ಬಹಳ. ಚೈನನ್ನು ಒರೆಸಿ ಎಣ್ಣೆ ಬಿಡಲು ಚಕ್ರವನ್ನು ಕೈಯಿಂದ ತಿರುಗಿಸಬಹುದು. (ಎಂಜಿನ್ ಚಾಲೂ ಮಾಡಿ, ಗೇರು ಹಾಕಿ, ಬಟ್ಟೆ ಹಿಡಿದು ಒರೆಸುವ ಬುದ್ಧಿವಂತರಿದ್ದೀರಿ. ದಯವಿಟ್ಟು ಬೇಡ, ಬಟ್ಟೆಯ ಹಿಂದೆ ಬೆರಳೂ ಹೋಗುತ್ತದೆ.) ಟೈರಿನಲ್ಲಿ ಮೊಳೆ ಹುಡುಕಬಹುದು. ಎಂಜಿನ್ ಆಯಿಲಿನ ಮಟ್ಟವನ್ನು ಗಾಡಿ ನೆಟ್ಟಗಿದ್ದಾಗಲೇ ನೋಡಬೇಕಲ್ಲ, ಅದಕ್ಕೂ ಅನುಕೂಲ. ಹಾನಿಯೂ ಇದೆ. ಕೆಲವು ಕಿಲೋಗ್ರಾಂ ಭಾರ ಹೆಚ್ಚಿತು, ಹಳ್ಳಿಯ ಎತ್ತರದ ಹಂಪುಗಳಲ್ಲಿ ಇಬ್ಬರಿದ್ದರೆ ಅಡಿಯಲ್ಲಿ ಕರ್ರೆಂದು ಉಜ್ಜುತ್ತದೆ.

ಇಷ್ಟೆಲ್ಲ ಮಾಡಿ ಒಂದು ಸಂಜೆ ಪತ್ನಿಯನ್ನು ಹೊರಗೆ ಕರೆದು, ಗಾಡಿಯನ್ನು ಸ್ಟ್ಯಾಂಡಿಗೆ ಏರಿಸಿ ತೋರಿಸಿದೆ. ಆಕೆ ಬಾಗಿಲಲ್ಲೇ ನಿಂತು ನೋಡಿ ಕೇಳಿದಳು: “ಹಸಿ ಎರಿಯೊಳಗ ಇದೂ ಇಳಿಯೂದಿಲ್ಲೇನ್ರಿ?”

ಇಳಿಯುತ್ತದೆ. ಎರಡು ಕಿರಿದಾದ ಪಾದಗಳು, ಅವುಗಳ ಮೇಲೆ ಗಾಡಿಯ ಹೆಚ್ಚಿನ ಭಾರ. ಒಂದು ಮತ್ತೊಂದಕ್ಕಿಂತ ಮೊದಲು ಇಳಿದರೆ ಫಲ ಅದೇ. ಮೂವತ್ತಕ್ಕೂ ಹೆಚ್ಚು ವರ್ಷ ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸುವುದೆಂದು ಕರಿಹಲಗೆಯ ಮೇಲೆ ಬರೆದ ನಾನು, ನೆಲವನ್ನು ಬಿಟ್ಟು ಕಬ್ಬಿಣವನ್ನೇ ನೋಡುತ್ತ ಕುಳಿತಿದ್ದೆ. ಉತ್ತರ ಹೊಳೆಯದೆ ಒಳಗೆ ಹೋದೆ.

ಮರುದಿನ ಅಂಗಳದಲ್ಲಿ ಬಿದ್ದಿದ್ದ ಶಹಾಬಾದ ಫರಶಿಯ ತುಂಡುಗಳಿಂದ ಆರಂಗುಲ ಚೌಕದ ಎರಡನ್ನು ಕೊರೆಸಿ ತಂದೆ. ಪಾದ ಎರಡು ಚದರ ಅಂಗುಲವೆಂದರೆ ಫರಶಿ ಮೂವತ್ತಾರು, ನೆಲದ ಮೇಲಿನ ಒತ್ತಡ ಹದಿನೆಂಟರಲ್ಲಿ ಒಂದು ಪಾಲು. ಬೇಸಗೆಯ ಉರಿಬಿಸಿಲಿಗೆ ಡಾಂಬರು ಮೆತ್ತಗಾದಾಗಲೂ ಇವೇ ಕೆಲಸಕ್ಕೆ ಬರುತ್ತವೆ. ಕಲ್ಲು ಜಾರದಿರಲೆಂದು ಹಳೆಯ ಟ್ಯೂಬಿನ ರಬ್ಬರನ್ನು ಮೇಲೆ ಅಂಟಿಸಿದ್ದೇನೆ. ಎರಡೂ ಈಗ ಪಕ್ಕದ ಬ್ಯಾಗಿನ ಖಾಯಂ ನಿವಾಸಿಗಳು.

ಒಂದೂವರೆ ವರ್ಷದ ಬಳಿಕ, ನಾನು ಕೇಳದೆಯೇ, ಆಕೆ ಕಮಲಾಪುರದ ಬಾಳೆಹಣ್ಣಿನ ಮಾತೆತ್ತಿದಳು. ಹೋದೆವು. ತೋಟದ ಬಳಿ ಆಕೆ ಮೊದಲು ಇಳಿದು, ಇಪ್ಪತ್ತು ಹೆಜ್ಜೆ ದೂರ ನಡೆದು, ಒಂದು ಬೇವಿನ ಗಿಡದ ಕೆಳಗೆ ನಿಂತಳು. ನಾನು ಫರಶಿಗಳನ್ನಿಟ್ಟು, ಎರಡು ಪಾದಗಳೂ ಕುಳಿತವೆಂದು ಖಚಿತಪಡಿಸಿಕೊಂಡು, ಕಡ್ಡಿ ತುಳಿದು ಏರಿಸಿ, ಸೀಟನ್ನು ಹಿಡಿದು ಅಲುಗಿಸಿ ತೋರಿಸಿದೆ. “ಇನ್ನೊಮ್ಮೆ ಅಲುಗಿಸ್ರಿ” ಎಂದಳು. ಅಲುಗಿಸಿದೆ. ಆಮೇಲೆ ಬಂದು ನೀರಿನ ಬಾಟಲಿ ತೆಗೆದುಕೊಂಡಳು.